ಓಪನ್ ಆಯ್ತದೆ, ಕೂತ್ಕಳಿ

ಬೇಲೂರಿನಲ್ಲಿ ಹನುಮಂತಯ್ಯನವರ ನಿವೃತ್ತಿಯ ಬೀಳ್ಕೊಡುಗೆ. ಮೈಕಿನ ಮುಂದೆ ನಿಂತು, ಕನ್ನಡಕ ಏರಿಸಿ, ಜೇಬಿನಿಂದ ಭಾಷಣದ ಹಾಳೆ ಬಿಡಿಸಿದ ನನಗೆ ಅದರಲ್ಲಿ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ಇಂಗ್ಲಿಷಿನ ಅಕ್ಷರಗಳು ತಲೆಯ ಮೇಲೆ ಕೊಂಬು, ಚುಕ್ಕೆ, ಟೋಪಿ ಧರಿಸಿ ಮೇಲಿನಿಂದ ಕೆಳಗಿನವರೆಗೆ ಸಾಲುಗಟ್ಟಿ ನಿಂತಿದ್ದವು. ಹಾಸ್ಯ ಲೇಖಕನೆಂದು ಕರೆಸಿಕೊಂಡು ಹೋದವನು ನಾನು. ಹಾಳೆಯನ್ನೇ ಗಂಭೀರವಾಗಿ ದಿಟ್ಟಿಸುತ್ತ ಬಾಯಿಗೆ ಬಂದದ್ದನ್ನು ಆಡಿ, ಎದುರಿಗೇ ಕೂತಿದ್ದ ಹನುಮಂತಯ್ಯನವರನ್ನು ಗಾಬರಿಯಲ್ಲಿ ‘ದಿವಂಗತ’ರನ್ನಾಗಿಸಿ ಕೆಳಗಿಳಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ನನ್ನ ಹಾಸ್ಯಕ್ಕೆ ಯಾವ ಸಭೆಯೂ ಅಷ್ಟು ನಕ್ಕದ್ದಿಲ್ಲ.

ನಾನು ಸಿಡಿಯಲ್ಲಿ ಒಯ್ದಿದ್ದ ಭಾಷಣವನ್ನು ತಮ್ಮ ಕಂಪ್ಯೂಟರಿನಿಂದ ಮುದ್ರಿಸಿ, ಮಡಚಿ ಕೊಟ್ಟವರು ಹಳೇಬೀಡಿನ ಷಡಕ್ಷರಪ್ಪನವರು. ಮಾರನೆಯ ದಿನವೇ ಹೋಗಿ, “ಓಪನ್ ಆಯ್ತು ಅಂದ್ರಲ್ಲ ಮೇಷ್ಟ್ರೇ?” ಎಂದು ಜಗಳ ತೆಗೆದೆ.

“ಓಪನ್ ಆಯ್ತು ಅಂದೆ. ಓದಕ್ಕಾಯ್ತದೆ ಅಂದ್ನಾ?” ಎಂದರು.

ಒಂದು ಕಾಲಕ್ಕೆ ಅವರು ಅರಸೀಕೆರೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಬೆಳಗಿನಿಂದ ಸಂಜೆಯವರೆಗೆ ಹತ್ತಾರು ಯಂತ್ರಗಳು ಒಟ್ಟಿಗೆ ಆಲಿಕಲ್ಲಿನಂತೆ ಸುರಿಯುತ್ತಿದ್ದ ಸದ್ದಿನಲ್ಲಿ ಅವರ ಯೌವನವೆಲ್ಲ ಕಳೆಯಿತು. ಮದುವೆಯಾಗಲು ಮರೆತರೋ, ಆ ಗದ್ದಲದಲ್ಲಿ ಯಾರೋ ತಂದ ಪ್ರಸ್ತಾಪ ಕಿವಿಗೆ ಬೀಳಲಿಲ್ಲವೋ. ಕಂಪ್ಯೂಟರ್ ಬಂದು ಸದ್ದು ಅಡಗಿದ ಮೇಲೆ ಹಳೇಬೀಡಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕೋಣೆ ಹಿಡಿದು, ತಮ್ಮ ಅನ್ನ ಕಸಿದ ಯಂತ್ರವನ್ನೇ ಒಂದು ಕೊಂಡು ತಂದು ಎದುರಿಗೆ ಕೂರಿಸಿಕೊಂಡರು. ನಡಿಗೆಯಲ್ಲಿ ಮಾತ್ರ ಹಳೆಯ ವೃತ್ತಿ ಉಳಿದಿತ್ತು: ಕೆರೆ ಏರಿಯ ಮೇಲೆ ಸಮನಾದ ಹೆಜ್ಜೆಗಳನ್ನು ಒಂದರ ಪಕ್ಕ ಒಂದು ಒತ್ತುತ್ತ ಹೋಗಿ, ಟೈಪ್‌ರೈಟರಿನಲ್ಲಿ ಸಾಲು ಮುಗಿದ ಗಂಟೆ ಬಾರಿಸಿತೆಂಬಂತೆ ತುದಿಯಲ್ಲಿ ಗಕ್ಕನೆ ನಿಂತು ಹಿಂದಿರುಗುತ್ತಿದ್ದರು. ಕಂಪ್ಯೂಟರಿನ ಮುಂದೆ ಕೂರುವಾಗ ಎಂಥ ಬೇಸಿಗೆಯಲ್ಲೂ ಇನ್‌ಸ್ಟಿಟ್ಯೂಟಿನ ಕಾಲದ ಬೂದು ಕೋಟು ಮೈಮೇಲಿರಬೇಕು. ಅವರ ಕದ ತಟ್ಟುವವರು ಹಾಲಿನವಳ ಹೊರತು ಅಪರೂಪ. ಆ ಬೀದಿಯಲ್ಲಿ ಬೇರೆ ಕಂಪ್ಯೂಟರ್ ಇಲ್ಲದ್ದರಿಂದ ಯಾರಾದರೂ ಸಿಡಿ ಹಿಡಿದು ಬಂದರೂ, ಫೋಟೊ ನೋಡಿಯೋ ಹಾಡು ಕೇಳಿಯೋ, ಅಂಚೆ ಕಚೇರಿಯಲ್ಲಿ ಮೊಹರು ಹಾಕಿಸಿಕೊಂಡವರಂತೆ ನಿಂತ ಕಾಲಲ್ಲೇ ಹೊರಡುತ್ತಿದ್ದರು.

ಹೀಗಿರುವಾಗ, ಅಂಗಡಿಯವನು ತುಂಬಿಕೊಟ್ಟಿದ್ದ ವಿಂಡೋಸ್ ಕಾಸು ಕೊಡದೆ ನಕಲು ಮಾಡಿದ್ದೆಂದು ಅವರಿಗೆ ಗೊತ್ತಾಯಿತು. “ಕದ್ದ ಮಾಲು ನನ್ ಕೋಣೇಲಿ ಬ್ಯಾಡ” ಎಂದವರೇ ಅದನ್ನು ಅಳಿಸಿ, ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿಡಿಯಿಂದ ಲಿನಕ್ಸ್ ಎಂಬ, ಕಾಸು ಕೇಳದ ಬೇರೊಂದು ತಂತ್ರಾಂಶ ಹಾಕಿಕೊಂಡರು. ಅಂದಿನಿಂದ ಯಾವುದೂ ಸಲೀಸಾಗಿ ತೆರೆದುಕೊಳ್ಳಲಿಲ್ಲ. ಹಾಡು ಮೌನವ್ರತ ಹಿಡಿಯಿತು. ವೀಡಿಯೊದಲ್ಲಿ ಚಿತ್ರ ಬಂದರೆ ದನಿ ಬಾರದು, ದನಿ ಬಂದರೆ ಚಿತ್ರ ಬಾರದು. ಕನ್ನಡಕ್ಕೆ, ನನ್ನ ಭಾಷಣವೇ ಸಾಕ್ಷಿ, ಕೊಂಬು ಮೂಡಿತು. ಬಂದವರಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು: “ಓಪನ್ ಆಯ್ತದೆ, ಕೂತ್ಕಳಿ.”

ಬಂದವರು ಕೂತರು, ತೆರೆಯದಿದ್ದರೆ ಮರುದಿನ ಮತ್ತೆ ಬಂದು ಕೂತರು. ಹೂವಿನಂಗಡಿಯ ಶಿವಗಂಗಮ್ಮ ಮಗಳ ಮದುವೆಯ ಸಿಡಿಯೊಂದಿಗೆ ಮಡಿಲು ತುಂಬ ಅವರೆಕಾಯಿಯನ್ನೂ ತಂದು, ಗೋಡೆಗೆ ಒರಗಿ ಸುಲಿಯುತ್ತ, ಊರಿನ ಸಮಾಚಾರವನ್ನೆಲ್ಲ ಬಿಡಿಸಿ ರಾಶಿ ಹಾಕುತ್ತಿದ್ದಳು.

“ಮದ್ವೆ ಮಾಡಕ್ಕೇ ಇಷ್ಟು ದಿನ ಹಿಡೀಲಿಲ್ಲ ಕಣ್ರೀ ಮೇಷ್ಟ್ರೇ.”

“ಮದ್ವೆ ಸುಲ್ಭ ಕಣಮ್ಮ. ಇದು ಕಷ್ಟ.”

“ಮಾಡ್ಕಂಡಿದ್ರೆ ಗೊತ್ತಾಯ್ತಿತ್ತು ನಿಮ್ಗೆ!”

ಮೇಷ್ಟ್ರು ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ಆದರೆ ಅವರು ಹಿಡಿದ ಕೆಲಸ ಬಿಡುವವರಲ್ಲ. ವೀಡಿಯೊ ನಡೆಸಲು ಒಂದು ತಂತ್ರಾಂಶ ಬೇಕು, ಅದನ್ನು ತಂದರೆ ಅದು ಇನ್ನೊಂದನ್ನು ಕೇಳುವುದು, ಇನ್ನೊಂದು ಮತ್ತೊಂದನ್ನು. ತಾಲ್ಲೂಕು ಕಚೇರಿಗೆ ಅಲೆಯುವ ಅರ್ಜಿದಾರನಂತೆ ಕೋಟು ತೊಟ್ಟು ಬಸ್ಸು ಹತ್ತಿ, ಅರಸೀಕೆರೆಯ ಬ್ರೌಸಿಂಗ್ ಸೆಂಟರಿನಿಂದ ಒಂದೊಂದನ್ನೇ ಸಿಡಿಯಲ್ಲಿ ಹೊತ್ತು ತಂದರು. ಕೊನೆಗೊಂದು ಮಧ್ಯಾಹ್ನ ಪರದೆಯ ಮೇಲೆ ಓಲಗ ಮೊಳಗಿತು. “ಅಗೋ, ನಮ್ಮತ್ತಿಗೆ! ಎಲೆ ಮುಂದೆ ಮೂತಿ ಊದಿಸ್ಕಂಡು ಕೂತವ್ಳೆ, ಆವತ್ತೇ ಅಂದ್ಕಂಡೆ” ಎಂದ ಶಿವಗಂಗಮ್ಮ, ಧಾರೆಯ ಹೊತ್ತಿಗೆ ಸೆರಗಿನಿಂದ ಕಣ್ಣೊತ್ತಿಕೊಂಡಳು. ಮುಗಿದ ಮೇಲೆ ಎದ್ದು, “ಬತ್ತೀನಿ ಮೇಷ್ಟ್ರೇ” ಎಂದು ಹೋದಳು.

ಮತ್ತೆ ಬರಲಿಲ್ಲ. ಬರಲು ಕೆಲಸವಾದರೂ ಏನಿತ್ತು? ಬೇರೆಯವರ ಹಾಡುಗಳೂ ತೆರೆದುಕೊಂಡವು, ಅವರೂ ಎದ್ದು ಹೋದರು. ಎಷ್ಟೋ ದಿನಗಳ ಮೇಲೆ ನಾನು ಹೋದಾಗ, ಒಂದು ಕೂದಲೂ ನೆಲದ ಮೇಲಿರಗೊಡದ ಆ ಕೋಣೆಯ ಮೂಲೆಯಲ್ಲಿ ಅವರೆಕಾಯಿಯ ಸಿಪ್ಪೆ ಒಣಗಿ ಸುರುಟಿ ಹಾಗೆಯೇ ಬಿದ್ದಿತ್ತು.

ನಾನು ಒಯ್ದಿದ್ದುದು ಇನ್ನೊಂದು ಭಾಷಣ. “ಕನ್ನಡ ಇನ್ನೂ ಸರಿಯಾಗಿಲ್ಲ, ಆದ್ರೂ ನೋಡಣ. ಕೂತ್ಕಳಿ” ಎಂದು ಹಾಲು ಕಾಯಿಸಲು ಕೋಣೆಯ ಹಿಂದಿನ ಪುಟ್ಟ ಅಡುಗೆಮನೆಗೆ ಹೋದರು. ಸುಮ್ಮನೆ ಕೂರುವ ಜನ್ಮವಲ್ಲ ನನ್ನದು. ಸಿಡಿ ತೂರಿಸಿ, ಮೌಸನ್ನು ಎರಡು ಬಾರಿ ಒತ್ತಿದೆ. ಮರುಕ್ಷಣವೇ ನನ್ನ ಭಾಷಣ ಕೊಂಬಿಲ್ಲದೆ, ಚುಕ್ಕೆಯಿಲ್ಲದೆ, ದುಂಡು ದುಂಡಾದ ಅಪ್ಪಟ ಕನ್ನಡದಲ್ಲಿ ತೆರೆದುಕೊಂಡಿತು. ಒಳಗೆ ಲೋಟದ ಸದ್ದಾಯಿತು. ಅವಸರವಾಗಿ ಮುಚ್ಚಿ, ಸಿಡಿ ಹೊರತೆಗೆದು, ಕೈ ಕಟ್ಟಿ ಕೂತೆ.

ಮೇಷ್ಟ್ರು ಕಾಫಿ ಕೊಟ್ಟು, ಕೋಟು ತೊಟ್ಟು, ಸಿಡಿ ಹಾಕಿ, ಕಪ್ಪು ಪರದೆಯೊಂದನ್ನು ತೆರೆದು ಅದರಲ್ಲಿ ಏನನ್ನೋ ಟೈಪಿಸತೊಡಗಿದರು. ಹತ್ತೂ ಬೆರಳುಗಳು, ಹಳೆಯ ಲಯ. ನಡುನಡುವೆ ತಲೆಯಲ್ಲಾಡಿಸಿ, “ಕಷ್ಟ ಐತೆ” ಎಂದರು.

‘ಇರಿ, ಹೋಗಬೇಡಿ’ ಎಂಬ ಮಾತು ಕೆಲವರ ನಾಲಿಗೆಗೆ ಎಂದೂ ಒಗ್ಗುವುದಿಲ್ಲ. ಹೊಲಿದಿಟ್ಟ ಅಂಗಿಯನ್ನು ಗುಂಡಿ ಬಾಕಿಯಿದೆಯೆಂದು ತಡೆಹಿಡಿಯುವ ದರ್ಜಿ, ಮುಗಿದ ಕ್ಷೌರಕ್ಕೆ ಮತ್ತೊಮ್ಮೆ ಕತ್ತರಿಯಾಡಿಸುವ ಕ್ಷೌರಿಕ, ಇವರೆಲ್ಲ ಆ ಕುಲದವರು. ಅವರಿಗೆ ಗೊತ್ತಿರುವುದು ಕೆಲಸವೊಂದೇ. ಆದ್ದರಿಂದ ತಮ್ಮ ಏಕಾಂತವನ್ನೂ ಕೆಲಸದ ವೇಷ ತೊಡಿಸಿಯೇ ನಮ್ಮೆದುರು ಕೂರಿಸುತ್ತಾರೆ. ಅವಸರದ ನಾವು ಅದನ್ನು ನಿಧಾನವೆಂದು ಬೈಯುತ್ತೇವೆ.

ಲೋಟವನ್ನು ಕೈಯಲ್ಲೇ ಹಿಡಿದು ಕೇಳಿದೆ: “ಎಷ್ಟು ಹೊತ್ತಾಗಬಹುದು ಮೇಷ್ಟ್ರೇ?”

ಪರದೆಯಿಂದ ಕಣ್ಣು ಕೀಳದೆ ಅವರು ಹೇಳಿದರು:

“ಅದು ನೀವು ಕಾಫಿ ಕುಡಿಯೋದ್ರ ಮೇಲೆ ಐತೆ.”