ಹದಿನಾರು ಸೆಕೆಂಡು

"ಇದು ನನ್ನ ಧ್ವನಿ ಅಲ್ಲ," ಅಂದಳು ಅರುಣಾ. ತೊಟ್ಟು ಬಿಡಿಸುತ್ತಿದ್ದ ಮೆಣಸಿನಕಾಯಿ ಕೈಯಲ್ಲೇ ಉಳಿದಿತ್ತು.

"ನಿಮ್ದೇ ಅತ್ತಿ. ಅಪ್ಪನ ಟ್ರಂಕಿನ್ಯಾಗಿದ್ದ ಮೂಲ ರೀಲು ಇದು." ವೀರಭದ್ರ ಸ್ಪೀಕರಿಗೆ ಜೋಡಿಸಿದ್ದ ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದ.

ಅವನು ಬಳ್ಳಾರಿಯಿಂದ ಕುರುಗೋಡಿಗೆ ಬಂದು ಅರ್ಧ ತಾಸಾಗಿತ್ತು. ಅವನಪ್ಪ ಜಂಬುನಾಥ ಹರೆಯದಲ್ಲಿ ಗೆಳೆಯರನ್ನು ಕೂಡಿಸಿಕೊಂಡು 'ಕೆಂಧೂಳಿ' ಎಂಬ ರಾಕ್ ಬ್ಯಾಂಡ್ ಕಟ್ಟಿದ್ದ. ಗಿಟಾರು ಅವನದು, ಹಾಡು ಅರುಣಾಳದು. ಅವರ 'ಆಯ್ದ ಹಾಡುಗಳು' ಕ್ಯಾಸೆಟ್ಟು ಆಗ ಬಳ್ಳಾರಿಯ ಹೋಟೆಲುಗಳಲ್ಲಿ, ಸಿರುಗುಪ್ಪದ ಬಸ್ಸುಗಳಲ್ಲಿ ದಿನವಿಡೀ ಹಾಡುತ್ತಿತ್ತು. ಈಗ ರೆಕಾರ್ಡಿಂಗ್ ರೂಮು ಇಟ್ಟಿರುವ ಮಗ ಆ ಹಾಡುಗಳ ಗೊರಗೊರ ಸದ್ದು ತೊಳೆದು, ಮೊಬೈಲಿನಲ್ಲಿ ಕೇಳುವಂತೆ ಮತ್ತೆ ಹೊರತರಲು ಹೊರಟಿದ್ದ. "ನನ್ನ ಹಾಡು ಬಿಟ್ಟು ಮಾಡ್ಕೋಪ್ಪಾ," ಎಂದು ಅರುಣಾ ಫೋನಿನಲ್ಲೇ ಹೇಳಿದ್ದಳು. ಅವಳನ್ನು ಒಪ್ಪಿಸಲೆಂದೇ ಅವನು ಬಂದಿದ್ದ.

ಅವಳು ಹಾಗೆ ಅಂದದ್ದಕ್ಕೆ ಕಾರಣವಿತ್ತು. ಮೂವತ್ತೆಂಟು ವರ್ಷದ ಹಿಂದೆ ಕ್ಯಾಸೆಟ್ಟು ಹೊರಬಂದಾಗ ಅವಳು ಟೈಫಾಯ್ಡಿನಲ್ಲಿ ಮಲಗಿದ್ದಳು. ಎದ್ದ ಮೇಲೆ ಮೊದಲ ಕಾರ್ಯಕ್ರಮ ಸಿರುಗುಪ್ಪದ ಗಣಪತಿ ಪೆಂಡಾಲಿನಲ್ಲಿ. ಎರಡನೇ ಹಾಡಿಗೇ ಮುಂದಿನ ಸಾಲಿನಿಂದ ಕೂಗು ಬಂತು: "ಏ ಅಕ್ಕಾ, ಕ್ಯಾಸೆಟ್ಟಿನ್ಯಾಗ ಕೋಗಿಲಿ, ಇಲ್ಲಿ ಕಪ್ಪಿ! ನೀವು ಇಳೀರಿ, ಕ್ಯಾಸೆಟ್ಟೇ ಹಾಕ್ರಿ!" ಮನೆಗೆ ಬಂದು ಕ್ಯಾಸೆಟ್ಟಿನ ಜೊತೆಗೇ ಹಾಡಿ ನೋಡಿದಳು. ಮೇಲಿನ ಸ್ವರಕ್ಕೆ ಗಂಟಲು ಎಟುಕಲೇ ಇಲ್ಲ. ಜ್ವರ ತನ್ನ ಧ್ವನಿಯನ್ನು ತಿಂದುಹಾಕಿತು ಎಂದುಕೊಂಡು ಬಾಯಿ ಮುಚ್ಚಿದವಳು ಮತ್ತೆ ತೆರೆದಿರಲಿಲ್ಲ. ಮಗಳು ಸುಧಾರಾಣಿ ಹುಟ್ಟಿದಾಗ ತೊಟ್ಟಿಲ ಪಕ್ಕ ರೇಡಿಯೋ ಇಟ್ಟು ಮಲಗಿಸಿದ್ದಳು.

"ಈ ರೀಲಿಂದು ದಪ್ಪಗ ಐತಲ್ಲೋ. ನೀನೇ ಏನಾರ ಮಾಡಿರಬೇಕು."

"ನಾ ಇನ್ನೂ ಕೈ ಹಚ್ಚಿಲ್ರಿ. ಕ್ಯಾಸೆಟ್ಟಿಂದು ಕೇಳ್ರಿ ಬೇಕಾದ್ರ."

ಅದೇ ಹಾಡು, ಕ್ಯಾಸೆಟ್ಟಿನದು. ಸಣ್ಣಗೆ, ಚುರುಕಾಗಿ, ಅವಳನ್ನು ಸೋಲಿಸಿದ್ದ ಆ ಧ್ವನಿ. ಮುಖ ತಿರುಗಿಸಬೇಕೆಂದಿದ್ದವಳ ಕಣ್ಣು ಪರದೆಯಲ್ಲಿದ್ದ ಅಂಕಿಯ ಮೇಲೆ ಬಿತ್ತು. ನಾಲ್ಕು ನಿಮಿಷ. ರೀಲಿನಲ್ಲಿ ನಾಲ್ಕು ನಿಮಿಷ ಹದಿನಾರು ಸೆಕೆಂಡು ಇತ್ತಲ್ಲ?

"ಹದಿನಾರು ಸೆಕೆಂಡು ಎಲ್ಲಿ ಹೋತು? ಒಂದು ಸಾಲು ಕತ್ತರಿಸ್ಯಾರೇನು?"

"ನೋಡೂಣು ತಡೀರಿ," ಅಂದ ವೀರಭದ್ರ. ಅವಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಎರಡನ್ನೂ ಮತ್ತೆ ಮೊದಲಿಂದ ಹಾಕಿಸಿದಳು. ಒಂದೊಂದು ಸಾಲು ಮುಗಿದಂತೆ ಒಂದೊಂದು ಮೆಣಸಿನಕಾಯಿ ಮೊರದಿಂದ ನೆಲಕ್ಕೆ ಬಂತು. ರೀಲಿಗೆ ಇಪ್ಪತ್ತು, ಕ್ಯಾಸೆಟ್ಟಿಗೂ ಇಪ್ಪತ್ತು. ಎರಡು ಕೆಂಪು ಸಾಲು, ಒಂದರ ಪಕ್ಕ ಒಂದು.

"ಒಂದೂ ಕಡಿಮಿ ಇಲ್ಲ. ಮತ್ತ?"

ವೀರಭದ್ರ ಉಳಿದ ಹಾಡುಗಳನ್ನೂ ತೆರೆದು ನೋಡಿದ. ಎಲ್ಲವೂ ಅದೇ ಲೆಕ್ಕದಲ್ಲಿ ಮೊಟಕಾಗಿದ್ದವು. "ಓಡಿಸ್ಯಾರ ಅತ್ತಿ. ಟೇಪು ಜೋರು ಓಡಿದ್ರ ಧ್ವನಿನೂ ಮ್ಯಾಲೇರತೈತಿ."

"ಹಂಗಂದ್ರ ಅದು..."

"ಅಷ್ಟು ಎತ್ತರಕ್ಕ ನೀವು ಯಾವತ್ತೂ ಹಾಡೇ ಇಲ್ರಿ."

ಅರುಣಾ ಸೆರಗಿಗೆ ಕೈ ಒರೆಸಿಕೊಂಡು, ವೀರಭದ್ರನಿಗೂ ಕೇಳುವಂತೆ ಜಂಬುನಾಥನಿಗೆ ಫೋನು ಮಾಡಿದಳು.

"ಅದಾ? ಗಾದೆಪ್ಪನ ಕೆಲಸ," ಎಂದು ನಕ್ಕ ಜಂಬುನಾಥ. ಗಾದೆಪ್ಪ ಕ್ಯಾಸೆಟ್ ತುಂಬಿಕೊಡುತ್ತಿದ್ದ ಅಂಗಡಿಯವನು. "ಕ್ಯಾಸೆಟ್ಟಿನ ಒಂದೊಂದು ಮಗ್ಗಲಿಗೆ ಏಳೇಳು ಹಾಡು ಹಿಡೀಲಿಲ್ಲಂತ. ಹಾಡು ಬಿಟ್ರ ನಾವು ಜಗಳಾಡ್ತೀವಿ ಅಂತ ಹೆದರಿ ರೀಲಿನ ಮಷಿನ್ನೇ ಜೋರು ಓಡಿಸಿಬಿಟ್ಟಿದ್ದ. ಕ್ಯಾಸೆಟ್ಟಿನ ಜೊತಿ ಗಿಟಾರು ಕೂಡಸಾಕ ಹೋದಾಗ ಸ್ವರ ಹೊಂದಲಿಲ್ಲ, ಆಗ ನನಗ ಗೊತ್ತಾತು."

"ಯಾವಾಗ?"

ಆ ಕಡೆ ನಗು ನಿಂತಿತು.

"ಸಿರುಗುಪ್ಪಕ್ಕ ಹೋಗೋ ಮೊದಲೋ, ಆಮ್ಯಾಲೋ, ಜಂಬಣ್ಣಾ?"

"ಮೊದ್ಲವ್ವಾ," ಅಂದ ಅವನು. "ಕ್ಯಾಸೆಟ್ಟು ಎಲ್ಲಾ ಕಡೆ ಹರಡಿಬಿಟ್ಟಿತ್ತು. ತಪ್ಪು ಅಂತ ಹೇಳಿದ್ರ ಬ್ಯಾಂಡಿನ ಮಾನ ಹೋಗ್ತಿತ್ತು. ನೀ ಜ್ವರ ಅಂದಿ. ನಾನೂ ಹೂಂ ಅಂದೆ."

ಅವಳು ಫೋನು ಇಟ್ಟು, ನೆಲದ ಮೆಣಸಿನಕಾಯಿಗಳನ್ನು ಒಂದೊಂದಾಗಿ ಮೊರಕ್ಕೆ ಎತ್ತಿ ಹಾಕಿದಳು. ವೀರಭದ್ರನಿಗೆ ಕತ್ತೆತ್ತಲು ಆಗಲಿಲ್ಲ.

"ಅತ್ತಿ, ನೀವು ಹೆಂಗಂದ್ರ ಹಂಗ. ಬ್ಯಾಡಂದ್ರ ಬಿಡ್ತೀನಿ. ಜನರ ಕಿವ್ಯಾಗ ಕ್ಯಾಸೆಟ್ಟಿನ ಧ್ವನಿನೇ ಕುಂತೈತಿ. ರೀಲಿನ ವೇಗಕ್ಕ ಬಿಟ್ರ ಬೈತಾರ."

"ಬೈಲಿ ತಗೋ. ಅವರ ಕಡಿಂದ ಬೈಸ್ಕೊಂಡಾಕಿನ ಅದೀನಿ ನಾನು," ಅಂದಳು ಅರುಣಾ. "ಹದಿನಾರು ಸೆಕೆಂಡು ನನ್ವು. ಹೊಳ್ಳಿ ಹಾಕು. ಎಲ್ಲಾ ಹಾಡಿಗೂ."

ಬಚ್ಚಲಿಗೆ ಹೋಗಿ ಕೈ ತೊಳೆದು ಬಂದು ಸ್ಪೀಕರಿನ ಎದುರು ಕೂತಳು.

"ಇನ್ನೊಮ್ಮೆ ರೀಲಿಂದು ಹಾಕು ನೋಡೂಣು."

ಮೊದಲ ಚರಣವನ್ನು ಬರೀ ಕೇಳಿದಳು. ಎರಡನೆಯದಕ್ಕೆ ತುಟಿ ಅಲ್ಲಾಡಿತು. ಮೊದಲು ಬಂದದ್ದು ಗಾಳಿ. ಆಮೇಲೆ ಒಣಗಿದ, ಒರಟು ದನಿ. ಒಂದು ಕಡೆ ಸಿಕ್ಕಿಕೊಂಡಿತು. ನಿಂತು, ಉಗುಳು ನುಂಗಿ, ಮುಂದಿನ ಸಾಲಿಗೆ ಸೇರಿಕೊಂಡಳು. ಮೇಲಿನ ಸ್ವರ ಬರುವಾಗ ಕಣ್ಣು ಬಿಗಿಯಾಗಿ ಮುಚ್ಚಿದಳು.

ವೀರಭದ್ರ ಸ್ಪೀಕರಿನ ಗುಂಡಿಗೆ ಬೆರಳು ಹಚ್ಚಿ, ಸದ್ದನ್ನು ಒಂದೊಂದು ಎಳೆ ಇಳಿಸುತ್ತ ಹೋದ. ಕೊನೆಗೆ ಪೂರಾ ಇಳಿಸಿ ಕೈ ತೆಗೆದ. ಪಡಸಾಲೆಯಲ್ಲಿ ಹಾಡು ಇನ್ನೂ ನಡೆದೇ ಇತ್ತು.