ಅತಿಥಿಯ ಪಾಲಿನ ಎಲೆ

ಆ ಕಿತ್ತಳೆ ಬಣ್ಣದ ಚುಕ್ಕೆ ಹನ್ನೆರಡನೆಯ ಸಲವೂ ಮೂಡಲಿಲ್ಲ.

ಪ್ರಯೋಗಾಲಯದವರೆಲ್ಲ ಓಪಾ, ಅಂದರೆ ಅಕ್ಕ, ಎಂದು ಕರೆಯುವ ಮುಕರ್ರಂ ಗಾಜಿನ ಫಲಕವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಔಷಧಿ ಸಿಂಪಡಿಸಿದ ಫಲಕ ಬರೀ ಹಳದಿಯಾಗಿ ಕೂತಿತ್ತು. ಗುಡ್ಡದ ಜನ ಎದೆ ಡವಗುಟ್ಟಿದಾಗ ಚಹಾ ಮಾಡಿ ಕುಡಿಯುವ ಗಿಡವೊಂದಿದೆ. ಹೋದ ವರ್ಷ ಅದರ ಎಲೆಯಿಂದ ಓಪಾ ಉಗುರಿನ ತುದಿಯಷ್ಟು ಬಿಳಿ ಹರಳು ತೆಗೆದಿದ್ದರು. ಎಡವಿ ಎಡವಿ ಬಡಿಯುತ್ತಿದ್ದ ಕಪ್ಪೆಯ ಗುಂಡಿಗೆಯ ಮೇಲೆ ಅದನ್ನು ಕರಗಿಸಿದ ಒಂದು ಹನಿ ಬಿದ್ದದ್ದೇ ತಡ, ಗುಂಡಿಗೆ ದಾರಿಗೆ ಬಂದಿತ್ತು. ಆ ಹರಳೆಲ್ಲ ಪರೀಕ್ಷೆಗಳಲ್ಲೇ ಖರ್ಚಾಯಿತು. ಅದರ ಅಂಶವಿದ್ದರೆ ಫಲಕದ ಮೇಲೆ ಕಿತ್ತಳೆ ಚುಕ್ಕೆ ಮೂಡಬೇಕು; ಈ ವರ್ಷದ ಎಲೆಯಲ್ಲಿ ಅದರ ಸುಳಿವೇ ಇಲ್ಲ.

ನಾಳೆ ಹತ್ತು ಗಂಟೆಗೆ ಸಂಸ್ಥೆಯ ಹಿರಿಯರ ಸಭೆ. ಚುಕ್ಕೆ ತೋರಿಸದಿದ್ದರೆ ಓಪಾರ ಏಳು ವರ್ಷದ ಕೆಲಸಕ್ಕೆ ಬೀಗ.

"ಓಪಾ, ಬೇಜಾರು ಮಾಡ್ಕೋಬೇಡಿ," ಎಂದ ಸಹಾಯಕ ಶವ್ಕತ್. "ಹೋದ ವರ್ಷದ್ದು ಎಲೆಯಿಂದ ಬಂದಿದ್ದೇ ಅಲ್ವೇನೋ. ಯಾವುದೋ ಹಳೇ ಔಷಧಿ ಸೀಸೆಗೆ ಅಂಟ್ಕೊಂಡಿತ್ತೋ ಏನೋ. ತೊಳೆಯೋರು ಯಾವ ಲೋಕದಲ್ಲಿದ್ರೋ ಯಾರಿಗೆ ಗೊತ್ತು!"

ಮೂಲೆಯ ತೊಟ್ಟಿಯ ಬಳಿ ಸೀಸೆ ತೊಳೆಯುತ್ತಿದ್ದ ರಿಸೊಲತ್‌ಳ ಕಿವಿ ಬಿಸಿಯಾಯಿತು. ತೊಳೆದವಳು ಅವಳೇ. ಪ್ರತಿ ಸೀಸೆಯನ್ನೂ ಐದು ನೀರಿನಲ್ಲಿ ತೊಳೆದಿದ್ದಳು. ಆದರೆ ಹೇಳುವುದು ಹೇಗೆ? ಏಳನೆಯ ತರಗತಿಗೇ ಶಾಲೆ ಬಿಟ್ಟವಳು, ಹತ್ತೊಂಬತ್ತರ ಹುಡುಗಿ. ಒಂದೂವರೆ ವರ್ಷದಿಂದ ಈ ಕೋಣೆಯಲ್ಲಿ ಅವಳ ಕಣ್ಣು ಆಡಿದಷ್ಟು ಬಾಯಿ ಆಡಿರಲಿಲ್ಲ.

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ತುರ್ದಿ ಬೊಬೊ ಒಳಗೆ ಬಂದರು. ಹೆಗಲ ಮೇಲೆ ಚೀಲ, ಕಂಕುಳಲ್ಲಿ ಕರಬೂಜ, ಮೈಮೇಲೆ ಹೋದ ಶರತ್ಕಾಲದಲ್ಲಿ ಓಪಾ ಕಳಿಸಿದ್ದ ಹೊಸ ಚಪಾನ್ ನಿಲುವಂಗಿ. ಗುಡ್ಡದಲ್ಲಿ ಎಲೆ ಕಿತ್ತು ಕೊಡುವ ಅಜ್ಜ ಅವರೇ.

"ಸಲಾಮ್, ವಿದ್ಯಾವಂತರೇ! ಏನಿದು, ಎಲ್ಲರ ಮುಖ ಹುಳಿ ಮೊಸರಾಗಿದೆ? ಮಗಳೇ, ಇದನ್ನ ನೋಡು, ನಿನ್ನ ಹೊಟ್ಟೆ ತಣ್ಣಗಾಗುತ್ತೆ!"

ಓಪಾರ ಮುಂದೆ ಚೀಲದ ಬಾಯಿ ಬಿಚ್ಚಿದರು. ಒಣಗಿದ ಎಲೆಗಳು ಆಗಷ್ಟೇ ಕಿತ್ತಂತೆ ಹಸುರು ಹೊನ್ನಾಗಿ ಹೊಳೆದವು.

"ಎಂಥಾ ಚಂದ!" ಎಂದ ಶವ್ಕತ್.

ಓಪಾ ಸೋತ ನಗೆ ನಕ್ಕರು. "ಚಂದಕ್ಕೇನೂ ಕಮ್ಮಿ ಇಲ್ಲ, ಬೊಬೊ. ಒಳಗಿರಬೇಕಾದ್ದೇ ಇಲ್ಲ. ಚಹಾ ಕುಡೀರಿ."

ರಿಸೊಲತ್ ಚಹಾದ ಬಟ್ಟಲು ತಂದಿಟ್ಟಳು. ಚೀಲದ ಹತ್ತಿರ ಬಗ್ಗಿದಾಗ ಕಣ್ಣು ಚುರ್ರೆಂದಿತು. ಬೆಂಕಿಕಡ್ಡಿ ಗೀರಿದ ವಾಸನೆ! ಅಮೋನಿಯ ಕುಡಿದು ಕುಡಿದು ಈ ಕೋಣೆಯವರ ಮೂಗು ಸತ್ತಿತ್ತು. ಹಿಂದಿನ ಚೀಲಗಳೆಲ್ಲ ಉಗ್ರಾಣದಲ್ಲಿ ವಾರಗಟ್ಟಲೆ ಗಾಳಿಯಾಡಿ ಇಲ್ಲಿಗೆ ಬಂದಿದ್ದವು. ಇದು ಬಸ್ಸಿನಿಂದ ನೇರ ಬಂದದ್ದು.

ಅವಳಿಗೆ ತಟ್ಟನೆ ತನ್ನ ಊರಿನ ಮಣ್ಣಿನ ಕೊಠಡಿ ಕಣ್ಮುಂದೆ ಬಂತು. ತಟ್ಟೆ ತಟ್ಟೆಯಾಗಿ ಜರ್ದಾಳು ಹಣ್ಣು, ಕೆಳಗೆ ಬಾಣಲೆಯಲ್ಲಿ ಉರಿಯುವ ಗಂಧಕ, ಹೊಗೆ ಹೊರಗೆ ಬಾರದಂತೆ ಬಾಗಿಲಿಗೆ ಮೆತ್ತಿದ ಕೆಸರು. ಹೊಗೆ ಕುಡಿದ ಹಣ್ಣು ಬಂಗಾರದಂತೆ ಒಣಗುತ್ತದೆ, ಅದು ಅತಿಥಿಗಳಿಗೆ. ಬರೀ ನೆರಳಲ್ಲಿ ಒಣಗಿಸಿದ್ದು ಕಪ್ಪಗಾಗುತ್ತದೆ, ಅದು ಮನೆಯವರಿಗೆ.

ಓಡಿಹೋಗಿ ಉಗ್ರಾಣದಿಂದ ಹೋದ ವರ್ಷದ ಖಾಲಿ ಚೀಲ ತಂದಳು. ಹೊಲಿಗೆಯ ಸಂದಿಯನ್ನು ಉಗುರಿನಿಂದ ಕೆದಕಿದಾಗ ಅಂಗೈಗೆ ನಾಲ್ಕು ಚೂರು ಬಿದ್ದವು. ಕರಿ ಚೂರು.

ನೆರೆದವರ ಮುಂದೆ ಹಿರಿಯರನ್ನು ಪ್ರಶ್ನಿಸುವುದೇ? ಅವಳು ಅಂಗೈ ಮುಚ್ಚಿದಳು. ಓಪಾ ಆಗಲೇ ಏಳು ವರ್ಷದ ಕಾಗದಗಳನ್ನು ಮೇಜಿನಿಂದ ಎತ್ತಿ ಪೆಟ್ಟಿಗೆಗೆ ತುಂಬುತ್ತಿದ್ದರು. ಅದನ್ನು ನೋಡಲಾಗಲಿಲ್ಲ.

"ಬೊಬೊ..." ಧ್ವನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ, "ಬೊಬೊ, ಎಲೆಗೆ ಗಂಧಕ ಹಾಕಿದ್ರಾ?"

"ಅರೆ, ಈ ಹುಡುಗಿಗೆ ಬಾಯಿದೆ!" ಎಂದ ಶವ್ಕತ್.

ಬೊಬೊ ಎದೆಯುಬ್ಬಿಸಿದರು. "ಹಾಕದೆ ಬಿಡ್ತೀನಾ? ಮೂರು ಹೊತ್ತು ಹೊಗೆ ಕೊಟ್ಟಿದ್ದೀನಿ! ಹೋದ ವರ್ಷ ಯಾರೋ ಏನೋ ಅಂತ ಸುಮ್ಮನೆ ಒಣಗಿಸಿ ಕಳಿಸಿದ್ದೆ. ಆಮೇಲೆ ಇಲ್ಲಿರೋ ನನ್ನ ಈ ಮಗಳು ನನಗೆ ಚಪಾನ್ ಹೊದಿಸಿದಳು. ಇಂಥವಳಿಗೆ ಮೇಕೆ ಮೇವಿನ ಹಾಗಿರೋ ಕರಿ ಎಲೆ ಕೊಡೋದಾ? ನನಗೇನು ಮರ್ಯಾದೆ ಇಲ್ವಾ?"

ರಿಸೊಲತ್ ಅಂಗೈ ಬಿಚ್ಚಿದಳು. ಓಪಾ ಕರಿ ಚೂರು ನೋಡಿದರು, ಹೊನ್ನಿನ ಎಲೆ ನೋಡಿದರು. ಕಾಗದದ ಕಟ್ಟು ಕೈಜಾರಿ ನೆಲಕ್ಕೆ ಬಿತ್ತು.

"ಗಂಧಕದ ಹೊಗೆ! ಹೊಗೆ ನಮ್ಮ ಹರಳನ್ನ ತಿಂದುಹಾಕಿದೆ! ಅಯ್ಯೋ ಬೊಬೊ, ನನ್ನ ಚಪಾನೇ ನನಗೆ ಮುಳುವಾಯ್ತಲ್ಲ!" ನಗುತ್ತಿದ್ದರೋ ಅಳುತ್ತಿದ್ದರೋ ಅವರಿಗೇ ತಿಳಿಯಲಿಲ್ಲ. ಮರುಗಳಿಗೆಯೇ ಮುಖ ಸಪ್ಪಗಾಯಿತು. "ಆದ್ರೆ ಸಭೆ ನಾಳೆ. ಗುಡ್ಡಕ್ಕೆ ಹೋಗಿ ಬರೋದಕ್ಕೇ ಎರಡು ದಿನ ಬೇಕು."

ರಿಸೊಲತ್ ಅಜ್ಜನ ನಡುಪಟ್ಟಿಯನ್ನೇ ನೋಡುತ್ತಿದ್ದಳು. ಅಲ್ಲೊಂದು ಪುಟ್ಟ ಬಟ್ಟೆಯ ಸಂಚಿ ಸಿಕ್ಕಿಸಿತ್ತು.

"ಬೊಬೊ, ನೀವು ಕುಡಿಯೋ ಎಲೆ?"

ಅಜ್ಜ ಸಂಚಿಯನ್ನು ಕೈಯಿಂದ ಮುಚ್ಚಿಕೊಂಡರು. "ಇದು ಮನೇದು ಕಣಮ್ಮ. ಕರ್ರಗಿದೆ. ನಿಮ್ಮ ಮುಂದೆ ಬಿಚ್ಚೋಕೆ ನಾಚಿಕೆ."

"ಬಿಚ್ಚಿ, ಬೊಬೊ! ಅತಿಥಿಯ ಪಾಲು ಸಾಕು, ಮನೆಯವರ ಪಾಲು ಕೊಡಿ!" ಎಂದು ಓಪಾ ಕೈಚಾಚಿದರು.

ಒಂದು ಹಿಡಿ ಎಲೆ. ಶವ್ಕತ್ ಅರೆದ, ಓಪಾ ಅಮೋನಿಯದಲ್ಲಿ ನೆನೆಸಿ ಕ್ಲೋರೋಫಾರಂ ಹಾಕಿ ಕುಲುಕಿದರು, ರಿಸೊಲತ್ ಎಂದಿನ ಐದು ನೀರಿನ ಮೇಲೆ ಇನ್ನೆರಡು ನೀರು ಹಾಕಿ ಸೀಸೆ ತೊಳೆದುಕೊಟ್ಟಳು. ಬೊಬೊ ಮೂಗಿಗೆ ತೋಳು ಒತ್ತಿಕೊಂಡು, "ಕುದಿನೀರು ಹಾಕಿದ್ರೆ ಸಾಕಿತ್ತು, ಚಹಾನೇ ಆಗ್ತಿತ್ತು. ಓದಿದೋರ ಅಡುಗೆಗೆ ಎಷ್ಟು ನಾತ!" ಎಂದು ಗೊಣಗಿದರು. ಮೂರು ಗಂಟೆ ಕಳೆಯಿತು. ಯಾರಿಗೂ ಊಟ ನೆನಪಾಗಲಿಲ್ಲ.

ಎಲೆಯ ಸಾರದ ಹನಿ ಇಟ್ಟ ಫಲಕ ಒಣಗಿತು. ಓಪಾ ಸಿಂಪಡಿಸುವ ಸೀಸೆಯನ್ನು ಎತ್ತಿದರು. ಆಮೇಲೆ ಅದನ್ನು ರಿಸೊಲತ್‌ಳ ಕಡೆಗೆ ಚಾಚಿದರು.

"ನೀನು ಸಿಂಪಡಿಸು, ರಿಸೊಲತ್."

ಅವಳು ಉಸಿರು ಬಿಗಿಹಿಡಿದು ಒತ್ತಿದಳು. ಫಲಕ ಹಳದಿಯಾಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮಧ್ಯಕ್ಕಿಂತ ಕೊಂಚ ಮೇಲೆ, ಹೋದ ವರ್ಷದ ಜಾಗದಲ್ಲೇ, ಏನೋ ಕೆಂಪಗೆ ಕದಲಿತು, ದುಂಡಗಾಯಿತು. ಬೆಳಗಿನ ಸೂರ್ಯನಂಥ ಕಿತ್ತಳೆ ಚುಕ್ಕೆ!

"ಬಂತು! ಬಂತು!" ಶವ್ಕತ್ ಕುಣಿದ. "ಕಪ್ಪೆ ತರ್ತೀನಿ!" ಎಂದು ಮೆಟ್ಟಿಲಿಳಿದು ಓಡಿದವನು ಅರ್ಧದಿಂದ ತಿರುಗಿ ಬಂದು ಬಾಗಿಲಲ್ಲಿ ತಲೆ ಹಾಕಿದ. "ರಿಸೊಲತ್, ಸೀಸೆ ಶುದ್ಧವಾಗೇ ಇತ್ತು. ತಪ್ಪು ನನ್ನದು."

ಸಂಜೆಗೆ ಮುಂಚೆ, ಹೊಸ ಸಾರದ ಹನಿ ಬಿದ್ದು, ಕಪ್ಪೆಯ ಗುಂಡಿಗೆ ಎಡವುವುದನ್ನು ಬಿಟ್ಟು ತಾಳಕ್ಕೆ ಸರಿಯಾಗಿ ಬಡಿಯಿತು. ಬಡಿತ ಬರೆಯುವ ಸೂಜಿ ಮಸಿ ಹಿಡಿಸಿದ ಕಾಗದದ ಮೇಲೆ ಒಂದೇ ಸಮನಾದ ಅಲೆ ಬರೆಯಿತು. ಓಪಾ ಆ ಕಾಗದವನ್ನೂ ಫಲಕವನ್ನೂ ಬಟ್ಟೆಯಲ್ಲಿ ಸುತ್ತಿ ರಿಸೊಲತ್‌ಳ ಕೈಗಿತ್ತರು.

"ನಾಳೆ ಸಭೆಗೆ ಇದನ್ನ ನೀನೇ ತಗೊಂಡು ಬರ್ಬೇಕು."

"ನಾನು ಅಲ್ಲಿ ಏನು ಮಾತಾಡಲಿ, ಓಪಾ?"

"ಬೊಬೊನ ಕೇಳಿದ್ಯಲ್ಲ, ಅಷ್ಟೇ ಮಾತು. ಸಾಕು."

ತುರ್ದಿ ಬೊಬೊ ಮಾತ್ರ ಕರಬೂಜವನ್ನು ತೊಡೆಯ ಮೇಲಿಟ್ಟುಕೊಂಡು ಚಿಂತೆಯಲ್ಲಿ ಕೂತಿದ್ದರು.

"ಮಗಳೇ, ಇದೂ ತೋಟದಲ್ಲೇ ಚಂದದ್ದು ಅಂತ ಆರಿಸಿ ತಂದಿದ್ದೆ. ವಾಪಸ್ ಒಯ್ದು ಸೊಟ್ಟಗಿರೋದು ತರ್ಲಾ?"

"ಮೊದಲು ಚಾಕು ಕೊಡಿ," ಎಂದರು ಓಪಾ, ಅಂಗಿಯ ತೋಳು ಮಡಿಸುತ್ತ. "ಕರಬೂಜದ ವಿಷಯದಲ್ಲಿ ನಾವು ಅತಿಥಿಗಳೇ."