ಬಳೆಯೊಳಗಿನ ವೈರು

ಆ ಗೀರು ಪ್ರಹ್ಲಾದರಾಯರ ಕಣ್ಣಿಗೆ ಬಿದ್ದದ್ದು ಇದು ಮೂರನೆಯ ಸಲ. ವೈರಿನ ಕಪ್ಪು ರಬ್ಬರಿನ ಮೇಲೆ ಒಂದರ ಪಕ್ಕ ಒಂದು, ಜೋಳದ ಕಾಳಿನಷ್ಟು ಉದ್ದದ ಎರಡು ಗೀರು. ಮೊದಲ ಸಲ ಕಂಡಾಗ ಟೇಪು ಸುತ್ತಿದ್ದರು. ಎರಡನೆಯ ಸಲ ವೈರನ್ನೇ ಬದಲಿಸಿದ್ದರು. ಹೊಸ ವೈರಿಗೆ ಇನ್ನೂ ಹದಿನೈದು ದಿನ ತುಂಬಿರಲಿಲ್ಲ. ಸ್ಟೂಲಿನ ಮೇಲೆ ನಿಂತು ಉಗುರಿನಿಂದ ಗೀರನ್ನು ಮುಟ್ಟಿ ನೋಡಿದರು. ತಾಮ್ರ ಇನ್ನೂ ಕಂಡಿರಲಿಲ್ಲ. ಆದರೆ ಕೆಳಗೆ ಹೊಲಿಗೆ ಯಂತ್ರದ ಎರಡೂ ಹಿಡಿ ಹಿಡಿದು ನಿಂತಿದ್ದ ಪುತಳಾಬಾಯಿಯ ಬರಿಗಾಲು ಕಂಡವು.

ಅದು ೧೯೯೭ರ ಏಪ್ರಿಲ್. ಪ್ರಹ್ಲಾದರಾಯರು ಗುಲಬರ್ಗಾದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರು. ಅವರ ಅಕ್ಕ ಸಕ್ಕೂಬಾಯಿ ಕಮಲಾಪುರದಲ್ಲಿ, ಹಿಂದೆ ತೊಗರಿಯ ಗೋದಾಮಾಗಿದ್ದ ಒಂದು ಶೆಡ್ಡು ಹಿಡಿದು, ಊರಿನ ಮತ್ತು ಮಹಾಗಾಂವದ ಎಂಟು ಹೆಣ್ಣುಮಕ್ಕಳಿಂದ ಹಳೆಬಟ್ಟೆಯ ಪದರಗಳ ಹೊದಿಕೆ, ಕೌದಿ, ಹೊಲಿಸುತ್ತಿದ್ದರು. ಕೈಯಿಂದ ಒಂದು ಕೌದಿ ಮುಗಿಯಲು ತಿಂಗಳು ಹಿಡಿಯುತ್ತಿತ್ತು. ಸೋಲಾಪುರದಲ್ಲಿ ಮುಚ್ಚಿದ ಒಂದು ಗಾದಿ ಕಾರಖಾನೆಯ ಹಳೆಯ ಯಂತ್ರವಿದೆಯೆಂದು ತಿಳಿದಾಗ, ತಂದು ನೋಡೋಣವೆಂದು ಅಕ್ಕನನ್ನು ಹುರಿದುಂಬಿಸಿದವರು ಪ್ರಹ್ಲಾದರಾಯರೇ.

ಸಾಮಾನ್ಯ ಹೊಲಿಗೆ ಯಂತ್ರದ ತೋಳು ಒಂದು ಗೇಣು. ಇದರದು ಎರಡು ಮೊಳಕ್ಕೂ ಉದ್ದ. ಕೌದಿಯನ್ನು ಎರಡು ಕೋಲುಗಳ ನಡುವೆ ಬಿಗಿದು ಕಟ್ಟಿದರೆ ಬಟ್ಟೆ ಅಲ್ಲಿಯೇ ಇರುತ್ತದೆ, ಯಂತ್ರವೇ ಗಾಲಿಯ ಮೇಲೆ ಕಬ್ಬಿಣದ ಹಳಿಯುದ್ದಕ್ಕೂ ಓಡಾಡಿ ಹೊಲಿಯುತ್ತದೆ. ಆ ಉದ್ದ ಕುತ್ತಿಗೆ ನೋಡಿ ಹೆಣ್ಣುಮಕ್ಕಳು ಅದನ್ನು ಒಂಟೆ ಎಂದು ಕರೆದರು. ನಿಂತಲ್ಲೇ ನಿಲ್ಲುವ ಯಂತ್ರಕ್ಕೆ ವೈರು ಕೊಡುವುದು ಒಂದು ಮಾತು, ಹತ್ತು ಅಡಿ ಅತ್ತ ಹತ್ತು ಅಡಿ ಇತ್ತ ನಡೆದಾಡುವುದಕ್ಕೆ ಕೊಡುವುದು ಇನ್ನೊಂದು. ನೆಲದ ಮೇಲೆ ಬಿಟ್ಟರೆ ಕಾಲಿಗೆ ತೊಡರುತ್ತಿತ್ತು. ಮೇಲಾಗಿ ಶುಕ್ರವಾರಕ್ಕೊಮ್ಮೆ ನೆಲಕ್ಕೆ ಸಗಣಿ ಸಾರಿಸುತ್ತಿದ್ದರು; ಹಸಿ ನೆಲ, ಬರಿಗಾಲು, ಇನ್ನೂರ ಮೂವತ್ತು ವೋಲ್ಟು. ಆ ಮೂರನ್ನೂ ಒಟ್ಟಿಗೆ ನೆನೆದ ರಾತ್ರಿಗಳಲ್ಲಿ ರಾಯರಿಗೆ ನಿದ್ದೆ ಬರುತ್ತಿರಲಿಲ್ಲ.

ಅದಕ್ಕೇ ವೈರನ್ನು ಮೇಲಕ್ಕೆತ್ತಿದರು. ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ ಬಿಗಿದು, ಅದರಲ್ಲಿ ಮೂವತ್ತೆರಡು ಪ್ಲಾಸ್ಟಿಕ್ ಬಳೆ ಪೋಣಿಸಿ, ಒಂದೊಂದು ಬಳೆಗೂ ವೈರನ್ನು ಕಟ್ಟಿದರು. ಯಂತ್ರ ಓಡಿದಂತೆ ಬಳೆಗಳು ಸರಿದು, ವೈರು ಕಿಟಕಿಯ ಪರದೆಯಂತೆ ಮಡಚಿ ಬಿಚ್ಚಿಕೊಳ್ಳುತ್ತಿತ್ತು. ಬಳೆ ತಂದುಕೊಟ್ಟವಳು ಪುತಳಾಬಾಯಿ. ಒಂಟೆಗೆ ಮಾಸ್ತರರು ಬಳೆ ಇಡಿಸಿ ಬಸುರಿಯ ಕುಬುಸ ಮಾಡಿದರು, ಇನ್ನು ಮರಿ ಹಾಕುವುದೊಂದೇ ಬಾಕಿ ಎಂದು ಹೆಣ್ಣುಮಕ್ಕಳು ನಾಲ್ಕು ದಿನ ನಕ್ಕರು.

ಯಂತ್ರ ಮೊದಲ ದಿನ ಚಾಲೂ ಆದಾಗ ಅದನ್ನು ಮುಟ್ಟಲು ಯಾರೂ ಮುಂದೆ ಬಂದಿರಲಿಲ್ಲ. ಪುತಳಾಬಾಯಿ ಮಾತ್ರ ಹತ್ತಿರ ಬಂದು, "ಇದು ಹೊಡೀತದೇನ್ರಿ ಮಾಸ್ತರ?" ಎಂದು ಕೇಳಿದ್ದಳು.

"ಹೊಡಿಯಂಗಿಲ್ಲ. ನಾ ಅದೀನಿ," ಎಂದಿದ್ದರು ರಾಯರು. ಅವಳು ಮರುಮಾತಿಲ್ಲದೆ ಕೈಯಿಟ್ಟಿದ್ದಳು.

ಆ ಎರಡು ಶಬ್ದ ಅವರನ್ನು ಅಂದಿನಿಂದ ಬಿಟ್ಟಿರಲಿಲ್ಲ. ನಾ ಅದೀನಿ. ಎಲ್ಲಿ ಇದ್ದರು? ವಾರದ ಐದು ದಿನ ಒಂದು ತಾಸಿನ ಬಸ್ಸಿನ ದಾರಿಯಾಚೆ, ಗುಲಬರ್ಗಾದ ಬ್ರಹ್ಮಪುರದಲ್ಲಿದ್ದರು. ಒಂದು ಆಂಪಿಯರಿನ ಇಪ್ಪತ್ತನೆಯ ಒಂದು ಪಾಲು ಎದೆಯೊಳಗೆ ಹಾದರೆ ಮನುಷ್ಯ ಉಳಿಯುವುದು ಕಷ್ಟ ಎಂದು ವರ್ಷ ವರ್ಷ ಹುಡುಗರಿಗೆ ಹೇಳುವವರು, ಆ ಅಂಕಿಯನ್ನು ಈಗ ಬಾಯಿಬಿಟ್ಟು ಹೇಳಲಾರದೆ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಓಣಿಯಲ್ಲಿ ಯಾರದೇ ಫೋನು ಗಣಗಣಿಸಿದರೂ ಕಮಲಾಪುರದಿಂದಲೇ ಎನಿಸುತ್ತಿತ್ತು.

ಕೈಲಾದದ್ದನ್ನೆಲ್ಲ ಮಾಡಿದ್ದರು. ಯಂತ್ರದ ಕಬ್ಬಿಣದಿಂದ ಒಂದು ದಪ್ಪ ತಂತಿ ಎಳೆದು, ಶೆಡ್ಡಿನ ಹಿಂದೆ ಎಂಟು ಅಡಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಮಾಡಿದ್ದರು. ಕರೆಂಟು ಎಲ್ಲಾದರೂ ಸೋರಿ ಕಬ್ಬಿಣಕ್ಕೆ ಬಂದರೆ ಮನುಷ್ಯರನ್ನು ಬಿಟ್ಟು ಈ ದಾರಿಯಿಂದ ನೆಲಕ್ಕಿಳಿಯಬೇಕು, ಆಗ ಫ್ಯೂಜು ಹಾರಬೇಕು. ಫ್ಯೂಜಿಗೆ ದಪ್ಪ ತಂತಿ ಹಾಕಿದರೆ ಪದೇ ಪದೇ ಹಾರುವುದಿಲ್ಲವೆಂದು ಊರಿನ ಲೈನ್‌ಮನ್ ಸಲಹೆ ಕೊಟ್ಟಾಗ, ಹಾರಲಿ ಎಂದೇ ಸಣ್ಣದು ಹಾಕಿದ್ದು ಎಂದು ಅವನನ್ನು ಕಳಿಸಿದ್ದರು. ಗುಂಡಿಗೆ ದಿನಾ ಒಂದು ಕೊಡ ನೀರು ಹಾಕಲು ಹೇಳಿದ್ದು ದುಂಡಮ್ಮನಿಗೆ. ಅವಳು ಕೌದಿ ಹೊಲಿಯುವವರಲ್ಲಿ ಹಿರಿಯಳು, ಅರವತ್ತು ದಾಟಿದವಳು. ಯಾಕೆ ಎಂದು ಕೇಳಲಿಲ್ಲ. ಎರಡನೆಯ ವಾರ ಬಂದು ನೋಡಿದರೆ ಗುಂಡಿಯ ಬಾಯಿಗೆ ಇಟ್ಟಿದ್ದ ಕಲ್ಲಿಗೆ ಅರಿಶಿನ ಕುಂಕುಮ ಬಿದ್ದಿತ್ತು. ರಾಯರಿಗೆ ಒಳಗೊಳಗೇ ನಗು ಬಂದರೂ, ಹಾಗಾದರೂ ನೀರು ತಪ್ಪುವುದಿಲ್ಲವಲ್ಲ ಎಂದು ಸುಮ್ಮನಾದರು.

ಇಷ್ಟೆಲ್ಲ ಆಗಿಯೂ ಈ ಗೀರು. ಹಿಂದಿನ ವಾರ ಗುಲಬರ್ಗಾದ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಮತ್ತೆ ವೈರು ಕೇಳಿದಾಗ ಅಂಗಡಿಯ ಶಫಿ ಅಳೆಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದ್ದ. "ಏನ್ರೀ ರಾವ್‌ಸಾಬ್, ನಿಮ್ಮ ಮಷೀನು ಅರಿವಿ ಹೊಲೀತದೋ, ವೈರು ತಿಂತದೋ?"

ರಾಯರಿಗೆ ನಗು ಬರಲಿಲ್ಲ. ಅವರ ಲೆಕ್ಕದಲ್ಲಿ ತಪ್ಪು ತಮ್ಮದೇ. ಪ್ಲಾಸ್ಟಿಕ್ ಬಳೆಯ ಎರಡು ತುದಿ ಕೂಡಿಸಿದ ಜಾಗದಲ್ಲಿ ಸಣ್ಣ ಚೂಪು ಇರುತ್ತದೆ, ಸರಿದಾಡುವಾಗ ಅದು ರಬ್ಬರನ್ನು ಗೀಚುತ್ತದೆ. ನೋಟ್‌ಬುಕ್ಕಿನಲ್ಲಿ ಚಿತ್ರ ಸಮೇತ ಹಾಗೇ ಬರೆದಿದ್ದರು. ಶನಿವಾರ ಅಕ್ಕನ ಮನೆಯಲ್ಲೇ ಉಳಿದು, ಭಾನುವಾರ ಬೆಳಿಗ್ಗೆ ಪ್ಲಗ್ಗು ಕಿತ್ತು, ಮೂವತ್ತೆರಡೂ ಬಳೆ ಇಳಿಸಿ ಒಂದೊಂದನ್ನೂ ಪಾಲಿಶ್ ಕಾಗದದಿಂದ ಉಜ್ಜಿ ನುಣುಪು ಮಾಡಿದರು. ಗೀರಿಗೆ ಎರಡು ಸುತ್ತು ಟೇಪು ಹಾಕಿ ಮತ್ತೆ ಪೋಣಿಸಿದರು. ಸಕ್ಕೂಬಾಯಿ ಎರಡು ಸಲ ಉಪ್ಪಿಟ್ಟಿಗೆ ಕರೆದು, ಆಮೇಲೆ ತಾಟನ್ನು ಅಲ್ಲಿಗೇ ತಂದಿಟ್ಟು, ಬಳೆ ತೊಡುವ ವಯಸ್ಸಿನಲ್ಲಿ ನಾನೂ ಇಷ್ಟು ಉಜ್ಜಿದ್ದಿಲ್ಲ ಎಂದು ಹೋದರು.

ಹನ್ನೊಂದರ ಹೊತ್ತಿಗೆ ಒಂದು ಕೌದಿ ಮುಗಿಯುತ್ತ ಬಂತು. ಕೊನೆಯ ಮೂಲೆ ಹೊಲಿಯುವ ಮುನ್ನ ದುಂಡಮ್ಮ ಎಂದಿನಂತೆ ತನ್ನ ಬುತ್ತಿ ಬಿಚ್ಚಿ, ರೊಟ್ಟಿಯ ಚೂರೊಂದನ್ನು ಆ ಮೂಲೆಯೊಳಗೆ ಸೇರಿಸಿ, ಕೈಸೂಜಿಯಿಂದ ಬಾಯಿ ಮುಚ್ಚಿದಳು. ಕೌದಿ ಉಪವಾಸ ಇರಬಾರದು, ಹಸಿದ ಕೌದಿ ಹೊದ್ದವರ ಮೈ ಬೆಚ್ಚಗಾಗುವುದಿಲ್ಲ ಎಂಬುದು ಅವರ ಸೀಮೆಯ ಮಾತು. ರಾಯರು ಮನೆಯಲ್ಲಿ ಹೊದೆಯುವ ಕೌದಿಯ ಮೂಲೆಯಲ್ಲೂ ಅಂಥದೊಂದು ಗಟ್ಟಿ ಚೂರು ಕೈಗೆ ಸಿಗುತ್ತಿತ್ತು. ಅದನ್ನು ಅವರು ಎಂದೂ ನೋಟ್‌ಬುಕ್ಕಿನಲ್ಲಿ ಬರೆದವರಲ್ಲ.

ಕೌದಿಯನ್ನು ಕೋಲಿನಿಂದ ಬಿಚ್ಚುವಷ್ಟರಲ್ಲಿ ಕರೆಂಟು ಹೋಯಿತು. ಹೆಂಗಸರು ಬುತ್ತಿ ತೆಗೆದುಕೊಂಡು ಬೇವಿನ ನೆರಳಿಗೆ ಹೋದರು. ಪುತಳಾಬಾಯಿ ಮಾತ್ರ, ಹಸಿವಿಲ್ಲವೆಂದು, ಯಂತ್ರದ ಕಬ್ಬಿಣದ ಕಾಲಿಗೆ ಬೆನ್ನು ಆನಿಸಿ ಕೂತಳು. ಆ ಬಿಸಿಲಿನಲ್ಲಿ ತಂಪಿದ್ದದ್ದು ಆ ಕಬ್ಬಿಣವೊಂದೇ. ಕೂತಲ್ಲೇ ಕಣ್ಣು ಮುಚ್ಚಿದಳು. ಗೋಡೆಯ ಸ್ವಿಚ್ಚು ಚಾಲೂ ಇತ್ತು. ಕರೆಂಟು ಬಂದದ್ದು ಗೊತ್ತಾಗಲಿ ಎಂದು ಆ ಊರಲ್ಲಿ ಯಾರೂ ಸ್ವಿಚ್ಚು ಆರಿಸುತ್ತಿರಲಿಲ್ಲ, ಅಂದು ರಾಯರೂ ಆರಿಸಲಿಲ್ಲ.

ಅವರು ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ನೋಟ್‌ಬುಕ್ಕು ತೆರೆದಿದ್ದರು. ಶೆಡ್ಡು ನಿಶ್ಶಬ್ದವಾಗಿತ್ತು. ಆಗ ಬಳೆ ಸಪ್ಪಳವಾಯಿತು. ಟಿಕ್. ಸ್ವಲ್ಪ ತಡೆದು ಮತ್ತೆ ಟಿಕ್, ಟಿಕ್. ಪುತಳಾಬಾಯಿಯ ಕೈ ಅಲುಗಿರಬೇಕೆಂದುಕೊಂಡರು; ಅವಳ ಕೈ ಮಡಿಲಲ್ಲಿತ್ತು. ತಲೆಯೆತ್ತಿದರೆ ಹಗ್ಗ ನಡುಗುತ್ತಿತ್ತು. ಅದರ ಮೇಲೆ ಒಂದು ಹೆಗ್ಗಣ, ಬಾಲ ತೂಗುತ್ತ, ಒಂದೊಂದೇ ಬಳೆ ದಾಟಿ ಬರುತ್ತಿತ್ತು. ಕೊನೆಯ ಬಳೆಯ ಹತ್ತಿರ ನಿಂತಿತು, ವೈರನ್ನು ತಬ್ಬಿಕೊಂಡು ಯಂತ್ರದ ಹಿಂಬದಿಗೆ ಇಳಿಯಿತು, ಅಲ್ಲಿಂದ ನೇರವಾಗಿ ಕೌದಿಯ ಆ ಮೂಲೆಗೆ ಹೋಗಿ ಕಡಿಯತೊಡಗಿತು. ದುಂಡಮ್ಮ ಒಂದು ತಾಸಿನ ಹಿಂದೆ ಮುಚ್ಚಿದ ಮೂಲೆ.

ರಾಯರು ಉಸಿರು ಹಿಡಿದು ಎದ್ದು ಹತ್ತಿರ ಹೋದರು. ಯಂತ್ರದ ತೋಳಿನ ಹಿಂದೆ, ವೈರು ಹಳಿಯ ಪಕ್ಕಕ್ಕೆ ಬಂದು ಬಾಗುವಲ್ಲಿ, ಅವರು ಒಮ್ಮೆಯೂ ಬಗ್ಗಿ ನೋಡಿರದ ಜಾಗದಲ್ಲಿ, ರಬ್ಬರು ಕಿತ್ತುಹೋಗಿ ತಾಮ್ರ ಮಿನುಗುತ್ತಿತ್ತು. ಹಳಿಗೂ ಅದಕ್ಕೂ ಒಂದು ಬೆರಳಿನ ಅಂತರ. ಅವರ ನೆರಳು ಕಂಡು ಹೆಗ್ಗಣ ವೈರಿಗೆ ಹಾರಿ ಮೇಲಕ್ಕೆ ಓಡಿತು. ವೈರು ಜೋಲಾಡಿ ತಾಮ್ರ ಹೋಗಿ ಹಳಿಗೆ ಒರಗಿತು.

ಪುತಳಾಬಾಯಿಯ ಬೆನ್ನು ಕಬ್ಬಿಣಕ್ಕಿತ್ತು. ಅವಳನ್ನು ಎಳೆಯಬೇಕೋ, ಸ್ವಿಚ್ಚಿಗೆ ಓಡಬೇಕೋ. ಸ್ವಿಚ್ಚು ಏಳು ಹೆಜ್ಜೆ ದೂರ. ಓಡಿದರು. ನಾಲ್ಕನೆಯ ಹೆಜ್ಜೆಗೆ ತಲೆಯ ಮೇಲಿನ ಫ್ಯಾನು ಕಿರ್ ಎಂದು ತಿರುಗತೊಡಗಿತು.

ಚಟ್ ಎಂದಿತು. ಹಳಿಯ ಬಳಿ ನೀಲಿ ಕಿಡಿ ಹಾರಿ, ಗೋಡೆಯ ಫ್ಯೂಜಿನ ಬಾಯಲ್ಲಿ ಮಸಿ ಕಾಣಿಸಿತು. ಪುತಳಾಬಾಯಿ ಹಾರಿ ಎದ್ದು ನಿಂತಳು. ರಾಯರು ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಅದನ್ನು ಕೈಯಲ್ಲಿ ಹಿಡಿದೇ ಅವಳತ್ತ ತಿರುಗಿದರು.

"ಒಂಟಿ ಒದ್ದತ್ರೀ ಮಾಸ್ತರ," ಎಂದಳು ಅವಳು, ಬೆನ್ನು ಉಜ್ಜಿಕೊಳ್ಳುತ್ತ. "ಚುರ್ ಅಂತು. ಇರಿವಿ ಕಡದಂಗ."

ರಾಯರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಸಕ್ಕೂಬಾಯಿ ಓಡಿ ಬಂದು, ಏಟು ತಿಂದವಳನ್ನು ಬಿಟ್ಟು ತಮ್ಮನಿಗೇ ನೀರು ಕುಡಿಸಬೇಕಾಯಿತು.

ಎಲ್ಲರೂ ಬಂದು ಸುತ್ತ ನಿಂತ ಮೇಲೆ ಅವರು ಕಿತ್ತ ವೈರನ್ನೂ, ಹಲ್ಲಿನ ಗುರುತು ಬಿದ್ದ ಕೌದಿಯ ಮೂಲೆಯನ್ನೂ ತೋರಿಸಿದರು. ಗೀರು ಬಳೆಯದಲ್ಲ, ಹಲ್ಲಿನದು. ಹೆಗ್ಗಣ ರೊಟ್ಟಿಗೆ ಬರುತ್ತದೆ, ಬರುವ ದಾರಿಯಲ್ಲಿ ವೈರು ಕಡಿಯುತ್ತದೆ. ಕೌದಿಯೊಳಗೆ ಇನ್ನು ರೊಟ್ಟಿ ಹಾಕುವುದು ಬೇಡ ಎಂದರು. ದನಿ ಅವರು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು.

ದುಂಡಮ್ಮ ಸೆರಗು ಸರಿಪಡಿಸಿಕೊಂಡಳು.

"ಮಾಸ್ತರ, ನೆಲಕ್ಕ ನೀರು ಹಾಕು ಅಂದ್ರಿ. ಗಿಡ ಇಲ್ಲ, ಬಳ್ಳಿ ಇಲ್ಲ, ಬರೇ ಗುಂಡಿ. ಯಾಕಂತ ಕೇಳಿದ್ನೇನು? ಬಾವಿ ಬತ್ತಿದ ಮ್ಯಾಲ ಬೋರಿನಿಂದ ಹೊತ್ತು ತಂದು ಹಾಕೀನಿ. ನಿಮ್ಮ ಗುಂಡಿ ಉಪಾಸ ಇರಬಾರದು, ನನ್ನ ಕೌದಿ ಉಪಾಸ ಇರಬೇಕೇನ್ರಿ?"

ರಾಯರು ಶೆಡ್ಡಿನ ಹಿಂದಿನ ಆ ಗುಂಡಿಯನ್ನು ನೆನೆದರು. ಏಪ್ರಿಲ್ಲಿನಲ್ಲಿ ಎರೆನೆಲ ಕೈ ಹಿಡಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಒಣಗಿದ ಗುಂಡಿಯಲ್ಲಿ ಕರೆಂಟಿಗೆ ದಾರಿ ಸಿಗುವುದಿಲ್ಲ, ಫ್ಯೂಜು ಹಾರುವುದಿಲ್ಲ, ಕರೆಂಟು ಬೇರೆ ದಾರಿ ಹುಡುಕುತ್ತದೆ. ಆ ಬೇರೆ ದಾರಿ ಬೆನ್ನು ಉಜ್ಜಿಕೊಳ್ಳುತ್ತ ಎದುರಿಗೇ ನಿಂತಿತ್ತು.

"ದುಂಡಮ್ಮ," ಎಂದರು ಮೆಲ್ಲಗೆ, "ನೀವು ಆ ನೀರು ಹಾಕಿರದಿದ್ರ ಇವತ್ತ ಪುತಳಾಬಾಯಿ ಉಳೀತಿದ್ದಿಲ್ಲ. ಉಳಿಸಿದ್ದು ಫ್ಯೂಜೂ ಅಲ್ಲ, ನಾನೂ ಅಲ್ಲ. ಯಾಕಂತ ನಾ ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ." ನಂತರ ಯಾಕೆಂಬುದನ್ನು ಮೊದಲಿನಿಂದ ಹೇಳಿದರು, ಹುಡುಗರಿಗೆ ಹೇಳುವಂತಲ್ಲ, ಅಕ್ಕನಿಗೆ ಹೇಳುವಂತೆ.

ದುಂಡಮ್ಮ ಪೂರ್ತಿ ಕೇಳಿದಳು. ಕೌದಿಯ ಮೂಲೆ ಹಿಡಿದು, ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿದಳು. "ಹಂಗಾದ್ರ ಇಲ್ಲಿ ಉಣಸೂದು ಬ್ಯಾಡ," ಎಂದಳು ಕೊನೆಗೆ. "ಒಂದು ಮೂಲಿ ಹೊಲೀಲಾರದೇ ಬಿಡ್ತೀನಿ. ತೊಗೊಳ್ಳೋರು ಬಂದಾಗ ಬಾಗಿಲದಾಗ ರೊಟ್ಟಿ ಇಟ್ಟು ಹೊಲದು ಕೊಡ್ತೀನಿ. ಮಗಳು ಗಂಡನ ಮನಿಗಿ ಹೊಂಟಾಗೇ ಉಡಿ ತುಂಬ್ತೀವಿ, ಮೊದಲೇ ತುಂಬಿ ಕೂಡ್ರಸ್ತೀವೇನು?" ಕಪಾಟಿನಲ್ಲಿದ್ದ ಮುಗಿದ ಕೌದಿಗಳ ಮೂಲೆಯನ್ನೂ ಆಗಲೇ ಬಿಚ್ಚಲು ಕೂತಳು.

ಮೂರು ಗಂಟೆಗೆ ರಾಯರು ಮಿಕ್ಕ ವೈರಿನಿಂದ ಕೆಟ್ಟ ಭಾಗ ಬದಲಿಸಿ, ಫ್ಯೂಜಿಗೆ ಅದೇ ಸಣ್ಣ ತಂತಿ ಹಾಕಿದರು. ಪ್ಲಗ್ಗು ಸಿಕ್ಕಿಸುವ ಮುನ್ನ ದುಂಡಮ್ಮ ತಡೀರಿ ಎಂದು ಹೋಗಿ ಗುಂಡಿಗೆ ಇನ್ನೊಂದು ಕೊಡ ನೀರು ಹಾಕಿ ಬಂದಳು. ಪುತಳಾಬಾಯಿ ಒಂಟೆಯಿಂದ ಎರಡು ಹೆಜ್ಜೆ ದೂರವೇ ನಿಂತಿದ್ದಳು.

"ಈಗ ಹೊಡೀತದೇನ್ರಿ?"

ಹಳೆಯ ಎರಡು ಶಬ್ದ ನಾಲಿಗೆಯ ತುದಿಗೆ ಬಂದವು. ರಾಯರು ನುಂಗಿಕೊಂಡರು. "ನಾ ಮೊದಲ ಮುಟ್ತೀನಿ," ಎಂದು ಪ್ಲಗ್ಗು ಸಿಕ್ಕಿಸಿ, ಸ್ವಿಚ್ಚು ಹಾಕಿ, ಕೈಯ ಹಿಂಬದಿಯಿಂದ ಹಳಿಯನ್ನು ಮುಟ್ಟಿದರು. ಅಂಗೈಯಿಂದ ಮುಟ್ಟಿದರೆ ಕರೆಂಟು ಹೊಡೆದಾಗ ಬೆರಳು ಬಿಗಿದು ಬಿಡಲಾಗುವುದಿಲ್ಲ ಎಂದೂ ಹೇಳಿದರು. ಏನೂ ಆಗಲಿಲ್ಲ. "ನಾ ಶನಿವಾರಕ್ಕೊಮ್ಮೆ ಬರಾಂವ. ಇನ್ನ ದಿನಾ ಮುಂಜಾನೆ ನೀನೇ ಪ್ಲಗ್ಗು ಕಿತ್ತು ಕೈಯಾಗ ಹಿಡಕೊಂಡು, ವೈರು ಗೋಡಿಯಿಂದ ಒಂಟಿ ತನಕ ಬೆರಳಾಗ ಹಾಯಿಸಿ ನೋಡಬೇಕು. ಕರೆಂಟು ಹೋದಾಗೂ ಸ್ವಿಚ್ಚು ಆರಸಬೇಕು. ಯಾರರೆ ಬ್ಯಾಡ ಅಂದ್ರೂ ಕೇಳಬ್ಯಾಡ, ನಾ ಅಂದ್ರೂ ಕೇಳಬ್ಯಾಡ."

ಪುತಳಾಬಾಯಿ ಅವರ ಮುಖ ನೋಡಿದಳು. ಹೋಗಿ ಪ್ಲಗ್ಗು ಕಿತ್ತು ಎಡಗೈಯಲ್ಲಿ ಹಿಡಿದು, ಸ್ಟೂಲನ್ನು ಕಾಲಿನಿಂದ ಸರಿಸುತ್ತ, ಹತ್ತಿ ಇಳಿಯುತ್ತ, ಗೋಡೆಯ ಕಡೆಯಿಂದ ವೈರನ್ನು ಬೆರಳುಗಳ ನಡುವೆ ಹಾಯಿಸತೊಡಗಿದಳು. ಅವಸರ ಮಾಡಲಿಲ್ಲ. ಐದು ಗಂಟೆಯ ಬಸ್ಸಿಗೆ ಹೊತ್ತಾಗುತ್ತಿತ್ತು, ರಾಯರು ಚೀಲ ಹೆಗಲಿಗೇರಿಸಿ ಕಾಯುತ್ತಿದ್ದರು. ಹತ್ತೊಂಬತ್ತನೆಯ ಬಳೆಯ ಹತ್ತಿರ ಅವಳ ಕೈ ನಿಂತಿತು.

"ಮಾಸ್ತರ, ಇದೊಂದು ಬಳಿ ಸೀಳ್ಯಾದ ನೋಡ್ರಿ."

ಬೆಳಿಗ್ಗೆ ಮೂವತ್ತೆರಡನ್ನೂ ಉಜ್ಜಿ, ಎಲ್ಲವೂ ಸರಿಯಾಗಿವೆ ಎಂದು ಬರೆದಿಟ್ಟಿದ್ದರು. ರಾಯರು ಚೀಲ ಕೆಳಗಿಟ್ಟು, ಚಷ್ಮಾ ಹಾಕಿಕೊಂಡು ಹತ್ತಿರ ಹೋದರು.